ಎಲ್ಲರ ತಲೆಗೂ ಒಂದೇ ಡಬ್ಬಿ

“ಆ ಡಬ್ಬಿ ಸಮುದ್ರಕ್ಕೆ ಒಗಿ, ಸರೋಜಾ. ನಾಗಿ ತಲೆ ಮುಟ್ಟಿದ ಬೆರಳು ಅದ್ರೊಳಗೆ ಅದ್ದಿದ್ದೀ ನೀನು.”

ಅತ್ತೆ ಮಾಸ್ತಮ್ಮ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ. ಸರೋಜಾಳಿಗೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟೂ ಬಂತು. ಬೊಂಬಾಯಿಯಲ್ಲಿ ಹುಟ್ಟಿ, ಅಲ್ಲಿನ ಪಾರ್ಲರಿನಲ್ಲಿ ಐದು ವರ್ಷ ಹೆಂಗಸರ ಕೂದಲು ಕಟ್ಟಿದವಳು ಅವಳು. ಗಿರಣಿ ಮುಷ್ಕರದಲ್ಲಿ ಗಂಡ ಗಣಪನ ಕೆಲಸ ಹೋಗಿ, ಅವನ ಹುಟ್ಟೂರು ಬಾಡಕ್ಕೆ ಬಂದು, ಜಗಲಿಯಲ್ಲಿ ಕನ್ನಡಿ-ಕುರ್ಚಿ ಹಾಕಿ ಕೂತು ಮೂರು ತಿಂಗಳಾಗಿತ್ತು. ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಹೆಂಗಸರು ಬೇಲಿಯಾಚೆ ನಿಂತು ಕನ್ನಡಿ ನೋಡುವರು, ಬಾಯಿಗೆ ಸೆರಗು ಹಿಡಿದು ನಗುವರು, ಮೀನುಬುಟ್ಟಿ ಹೊತ್ತು ಕುಮಟೆಯ ದಾರಿ ಹಿಡಿಯುವರು. ಇಲ್ಲಿ ಒಬ್ಬೊಬ್ಬಳಿಗೂ ಅವಳದೇ ಎಣ್ಣೆಬಾಟಲಿ. ತಾಯಿಯದನ್ನು ಮಗಳು ಮುಟ್ಟಳು. ಅಂಗೈಯಲ್ಲಿ ಉಳಿದ ಎಣ್ಣೆಯನ್ನು ತನ್ನ ಕೈಕಾಲಿಗೇ ಒರೆಸಿಕೊಳ್ಳಬೇಕು, ಇನ್ನೊಂದು ತಲೆಗೆ ಸೋಕಿಸಬಾರದು. ಇಂಥ ಊರಿನಲ್ಲಿ ಎಲ್ಲರಿಗೂ ಒಂದೇ ಡಬ್ಬಿಯ ಪೊಮೇಡ್, ಕೂದಲು ಕೂರಿಸುವ ಪರಿಮಳದ ಜಿಡ್ಡು, ಹಚ್ಚುತ್ತೇನೆಂದರೆ ಯಾರು ಬಂದಾರು!

ಬಂದವಳು ನಾಗಿ ಒಬ್ಬಳೇ, ನಿನ್ನೆ ಮಧ್ಯಾಹ್ನ. ಹೊನ್ನಾವರದ ಸವತಿ ಅವಳ ಬಾಚಣಿಕೆಯ ಕೂದಲು ಕದ್ದು ಮಾಟ ಮಾಡಿಸಿದ್ದಾಳೆ, ಎರಡು ವರ್ಷದಿಂದ ಅವಳ ತಲೆಯ ಮೇಲಿನ ಸೆರಗು ಇಳಿದಿಲ್ಲ ಎಂದು ಊರಿಗೆ ಊರೇ ಹೇಳುತ್ತಿತ್ತು. ಸೆರಗು ಇಳಿಸಿದಾಗ ಕೊಳೆತ ಸಿಗಡಿಯ ನಾತ ಬಂತು. ಬೋಳು ನೆತ್ತಿ. ಅಲ್ಲಲ್ಲಿ ನಾಲ್ಕು ಎಳೆ.

“ನಾಳೆ ಮದುವೆಗೆ ನಿನ್ನ ನಾದಿನಿ ಹೊನ್ನಿಗೂ ಇದೇ ಡಬ್ಬಿದನೇ?” ನಾಗಿ ಕೇಳಿದ್ದಳು.

“ಮತ್ತೆಂತ, ಮಹಾರಾಣಿಗೆ ಬೇರೆ ತರಿಸ್ಬೇಕಾ?” ಎಂದು ಸರೋಜಾ ನಕ್ಕಿದ್ದಳು. ಮೊದಲ ಗಿರಾಕಿಯ ಹುರುಪು. ಡಬ್ಬಿಯಿಂದ ತಲೆಗೆ, ತಲೆಯಿಂದ ಡಬ್ಬಿಗೆ ಅವಳ ಬೆರಳು ನಾಲ್ಕು ಸಲ ಓಡಾಡಿತ್ತು. ಹೋಗುವಾಗ ನಾಗಿ ಅವಳ ಮುಖ ನೋಡಲಿಲ್ಲ.

ಇವತ್ತು ನಾದಿನಿ ಹೊನ್ನಿಯ ಮದುವೆ. ವರನ ಊರು ಜಾಲಿಯಿಂದ ದಿಬ್ಬಣ ಹೊರಟಾಗಿತ್ತು. ಊರಿನ ಹೆಂಗಸರೆಲ್ಲ ಒಂದೇ ಕಡೆ ಸೇರಿ ತನ್ನ ಕೈಚಳಕ ನೋಡುವ ದಿನ ಮತ್ತೆ ಸಿಗಲಾರದು. ಇವತ್ತು ತಪ್ಪಿದರೆ ಕನ್ನಡಿ-ಕುರ್ಚಿ ಅಟ್ಟ ಸೇರಿದಂತೆಯೇ.

“ಇರೋದೇ ಒಂದು ಡಬ್ಬಿ, ಅತ್ತೆ. ನಿಮ್ಮ ಮಾಟಗೀಟ ಆಮೇಲೆ ನೋಡೋಣ” ಎಂದು ಒಳಕೋಣೆಯಲ್ಲಿ ಕೂರಿಸಿದ್ದ ಹೊನ್ನಿಯ ಹಿಂದೆ ನಿಂತು ಮುಚ್ಚಳ ತಿರುವಿದಳು.

ಗುಲಾಬಿಯ ಪರಿಮಳ ಎದ್ದಿತು. ಅದರಡಿಯಲ್ಲಿ ಸಿಗಡಿಯ ನಾತ ತೆಳ್ಳಗೆ ಇತ್ತು. ಬೇಲಿಯಾಚೆ ಒಣಮೀನು ಹರವಿದ್ದಾರೆ, ಅದರದ್ದೇ ಎಂದುಕೊಂಡಳು. ಹೊನ್ನಿಯ ಸೊಂಟ ಮುಟ್ಟುವ ಕೂದಲನ್ನು ಮೇಲಕ್ಕೆ ಬಾಚಿದಳು, ಸುರುಳಿ ಸುತ್ತಿದಳು, ಪೊಮೇಡ್ ಸವರಿ ಗೋಪುರ ಕಟ್ಟಿದಳು. ಒಂದೆಳೆಯೂ ಕದಲಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಸರೋಜಾಳ ಎದೆ ತುಂಬಿತು.

“ಅತ್ತಿಗೆ, ತಲೆಯೊಳಗೆ ಎಂತದೋ ಹರಿದಾಡ್ತು” ಎಂದಳು ಹೊನ್ನಿ.

ಸರೋಜಾ ಬೆರಳಿಟ್ಟಳು. ನೆತ್ತಿ ಸುಡುತ್ತಿತ್ತು. ಬೆರಳಿನಡಿ ಏನೋ ಮಿಸುಕಿತು. ಕೈ ಎಳೆದುಕೊಂಡಳು. ಕೈಯೊಂದಿಗೆ ಹಿಡಿ ಕೂದಲು ಬಂತು. ರಕ್ತವಿಲ್ಲ. ನೋವಿಲ್ಲ. ಮತ್ತೊಂದು ಹಿಡಿ ತಾನಾಗಿ ಜಾರಿ ಮಡಿಲಿಗೆ ಬಿತ್ತು. ಹೊನ್ನಿ ಕಿರುಚಲು ಬಾಯ್ತೆರೆದಳು. ಮಾಸ್ತಮ್ಮ ಓಡಿಬಂದು ಅವಳ ಬಾಯಿ ಮುಚ್ಚಿದಳು. ದೂರದಲ್ಲಿ ದಿಬ್ಬಣದ ವಾದ್ಯ ಕೇಳಿಸಿತು.

ಮಾಸ್ತಮ್ಮ ಅಗುಳಿ ಹಾಕಿದಳು. “ಬೋಳು ಮದುಮಗಳ ಕೊರಳಿಗೆ ಯಾರು ತಾಳಿ ಕಟ್ತಾರೆ? ಈ ಮಾಟ ಬಿಡ್ಬೇಕಾದ್ರೆ ತಲೆಯಿಂದ ತಲೆಗೇ ದಾಟ್ಬೇಕು. ತೆಗಿ, ನನ್ನ ತಲೆಗೆ ಹಚ್ಚು.”

ಅತ್ತೆ ತುರುಬು ಬಿಚ್ಚಿ ತಲೆ ಬಗ್ಗಿಸುವುದನ್ನು ಸರೋಜಾ ನೋಡಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೊನ್ನಿಯ ನೆತ್ತಿಯ ಜಿಡ್ಡನ್ನು ಉಗುರಿನಿಂದ ಕೆರೆದಳು. ತನ್ನ ಬೈತಲೆಗೆ ತಿಕ್ಕಿದಳು. ಮತ್ತೆ ಕೆರೆದಳು. ಮತ್ತೆ ತಿಕ್ಕಿದಳು. ನಾತ ಮೂಗಿಗೆ ಅಡರಿತು. ಹೊನ್ನಿಯ ಕೂದಲು ಉದುರುವುದು ನಿಂತಿತು. ಖಾಲಿಯಾದ ಜಾಗಕ್ಕೆ ಅಬ್ಬಲಿಗೆ ದಂಡೆ ಮುಡಿಸಿದರು. ಯಾರಿಗೂ ತಿಳಿಯಲಿಲ್ಲ. ಮದುವೆ ಆಯಿತು.

ನಾಲ್ಕನೆಯ ದಿನ ಜಗಲಿ ತುಂಬಿ ಹೆಂಗಸರು. ಮದುಮಗಳ ಮುಡಿ ನೋಡಿ ಮರುಳಾಗಿ ಬಂದವರು. ಎಣ್ಣೆಬಾಟಲಿಯ ಕಟ್ಟಳೆಯೇ ಅವರಿಗೆ ಮರೆತಿತ್ತು. ಸರೋಜಾ ತಲೆತುಂಬ ಸೆರಗು ಹೊದ್ದು ಕುರ್ಚಿಯ ಹಿಂದೆ ನಿಂತಿದ್ದಳು. ಒಳಗೆ ಉಳಿದದ್ದು ನಾಲ್ಕು ಎಳೆ. ಬಯಸಿ ಬಯಸಿ ಸೋತಾಗ ಬಾರದವರು ಈಗ ಸಾಲು ನಿಂತಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಡಬ್ಬಿಯನ್ನು ಒಗೆಯಲು ಮೂರು ಸಲ ಸಮುದ್ರದ ದಂಡೆಗೆ ಹೋಗಿದ್ದಳು, ಮೂರು ಸಲವೂ ಸೆರಗಿನಲ್ಲಿ ಕಟ್ಟಿಕೊಂಡೇ ವಾಪಸಾಗಿದ್ದಳು.

ಬೇಲಿಯಾಚೆ ನಾಗಿ ನಿಂತಳು. ತಲೆಯ ಮೇಲೆ ಸೆರಗಿಲ್ಲ. ಗೇಣುದ್ದ ಕಪ್ಪು ಕೂದಲು.

“ಹೊನ್ನಿಗೂ ಇದೇ ಡಬ್ಬಿದನೇ ಅಂತ ನಾನು ಕೇಳಿದ್ದೆ, ಸರೋಜಾ” ಎಂದು ಹೇಳಿ ಹೋದಳು.

ಪಕ್ಕದ ಮನೆಯ ಕಮಲಿ ಮೊದಲು ಬಂದು ಕೂತು ಜಡೆ ಬಿಚ್ಚಿದಳು.

“ಒಬ್ರ ತಲೆದು ಇನ್ನೊಬ್ರಿಗೆ ಹಚ್ಚಬಾರದು, ಕಮಲಿ. ಎದ್ದು ಹೋಗು” ಎಂದಳು ಸರೋಜಾ.

ಕಮಲಿ ಕನ್ನಡಿಯಲ್ಲಿ ನಕ್ಕಳು. “ಬೊಂಬಾಯಿಯವಳಿಗೂ ನಮ್ಮೂರ ಹೆದರಿಕೆ ಹತ್ತಿತನೇ? ಹಚ್ಚು, ಮಾರಾಯ್ತಿ.”

ಹೇಳುವುದನ್ನು ಹೇಳಿಯಾಯಿತು ಎಂದುಕೊಂಡಳು ಸರೋಜಾ. ಕೈ ಸೆರಗಿನೊಳಗೆ ಹೋಯಿತು. ತನ್ನದೇ ಬೋಳು ನೆತ್ತಿಯನ್ನು ಉಜ್ಜಿತು. ಬೇಡ ಎಂದು ಅವಳ ಬಾಯಿ ಇನ್ನೊಮ್ಮೆ ಅನ್ನುವಷ್ಟರಲ್ಲಿ ಬೆರಳು ಡಬ್ಬಿಯೊಳಗಿತ್ತು.