ನೀರು ಕುಡಿಯುವ ನೆರಳು

ಸೂರ್ಯದೇವರು ಇನ್ನೂ ನಿಧಾನವಾಗಿ ನಡೆಯುತ್ತಿದ್ದ ಬಹು ಹಿಂದಿನ ಕಾಲದಲ್ಲಿ, ಮರಳುಗಾಡಿನ ಅಂಚಿಗೆ ಉಸುಕೂರು ಎಂಬ ಒಂದು ರಾಜ್ಯವಿತ್ತು. ಶಿವನ ದಯೆಯಿಂದ ಅಲ್ಲಿ ಖರ್ಜೂರವಿತ್ತು, ಸಜ್ಜೆಯಿತ್ತು, ಸಿಹಿನೀರಿನ ಬಾವಿಯಿತ್ತು. ಇಲ್ಲದ್ದು ಒಂದೇ. ಕೆಲವು ವರ್ಷಗಳಿಂದ ಆ ರಾಜ್ಯದಲ್ಲಿ ಹುಟ್ಟಿದ ಕೂಸುಗಳು ಅಳುತ್ತಿರಲಿಲ್ಲ.

ಹುಟ್ಟುತ್ತಿದ್ದವು, ಬಾಯಿ ತೆರೆಯುತ್ತಿದ್ದವು, ಮುಖ ಕೆಂಪಗೆ ಮಾಡುತ್ತಿದ್ದವು. ಸದ್ದು ಮಾತ್ರ ಬರುತ್ತಿರಲಿಲ್ಲ. ಹಸಿದರೂ ಕೇಳವು, ಇರುವೆ ಕಚ್ಚಿದರೂ ಕೂಗವು. ಬರಬರುತ್ತ ಬಾಯಿ ತೆರೆಯುವುದನ್ನೂ ಬಿಡುತ್ತಿದ್ದವು, ಆಮೇಲೆ ಕಣ್ಣು ತೆರೆಯುವುದನ್ನೂ. ಅಳದ ಕೂಸಿಗೆ ತೊಟ್ಟಿಲು ಕಟ್ಟಬಾರದು, ಹೆಸರಿಡಬಾರದು ಎಂಬುದು ಅಲ್ಲಿಯ ಪದ್ಧತಿ. ಹಾಗಾಗಿ ಆ ಕೂಸುಗಳು ಹೆಸರಿಲ್ಲದೆ ಬಂದು ಹೆಸರಿಲ್ಲದೆ ಹೋಗುತ್ತಿದ್ದವು.

ಇದು ಕಂಕಾಳನೆಂಬ ಮಾಟಗಾರನ ಕೆಲಸ. ಕೂಸಿನ ಮೊದಲ ಅಳುವಿನಲ್ಲಿ ಭಗವಂತ ಒಂದು ಹಿಡಿ ಆಯುಷ್ಯ ಇಟ್ಟಿರುತ್ತಾನೆ. ಅದನ್ನು ಕದ್ದು ಕದ್ದು ಅವನು ಸಾವಿಲ್ಲದೆ ಬದುಕಿದ್ದ. ಕದ್ದ ಅಳುವನ್ನೆಲ್ಲ ಮರಳುಗಾಡಿನ ನಡುವೆ ತಿರುಗುವ ಒಂದು ಕಾಡು ಟಗರಿನ ಕೊಂಬಿನಲ್ಲಿ ತುಂಬಿಟ್ಟಿದ್ದ. ಸುರುಳಿ ಸುರುಳಿಯಾದ ಆ ಕೊಂಬುಗಳಿಗೆ ಗಾಳಿ ಹೊಕ್ಕಾಗ, ನೂರಾರು ಕೂಸುಗಳು ಒಟ್ಟಿಗೆ ಅತ್ತ ಸದ್ದು ಊರಿನವರೆಗೆ ಬರುತ್ತಿತ್ತು. ಆಗ ತಾಯಂದಿರು ಬಾಗಿಲಿಗೆ ಬಂದು ನಿಂತು, ಇದರಲ್ಲಿ ನಮ್ಮದು ಯಾವುದು ಎಂದು ಕಿವಿಗೊಡುತ್ತಿದ್ದರು.

ರಾಜನು ಆ ಟಗರನ್ನು ಹೊಡೆದು ತರಲು ಬೇಟೆಗಾರರನ್ನು ಕಳಿಸಿದ. ಹೋದವರು ಮರಳಲಿಲ್ಲ. ಮತ್ತೆ ಕಳಿಸಿದ. ಅವರೂ ಮರಳಲಿಲ್ಲ. ಕೊನೆಗೆ ಹೋದವರಲ್ಲಿ ಬೊಮ್ಮಣ್ಣನೆಂಬ ಬೇಡರ ಹುಡುಗನಿದ್ದ. ಎಡಗಾಲು ತುಸು ಎಳೆದು ನಡೆಯುತ್ತಿದ್ದ, ಆದರೆ ಗುರಿ ಗಟ್ಟಿ. ಅವನು ಹೋದಾಗ ಹೆಂಡತಿ ಹಾಲವ್ವ ತುಂಬಿದ ಬಸುರಿ. ಅವನು ಬರಲಿಲ್ಲ. ಕೂಸು ಬಂತು. ಅಳಲಿಲ್ಲ.

ಕೂಸು ಮೊಲೆ ಚೀಪುತ್ತಿರಲಿಲ್ಲ, ಹಾಗಾಗಿ ಹಾಲವ್ವನ ಅತ್ತೆ ದುರುಗವ್ವ ಮೇಕೆಹಾಲನ್ನು ಬಟ್ಟೆಯ ತುದಿಯಲ್ಲಿ ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದಳು. ಒಂದು ದಿನ ಕೂಸು ಬಾಯಿ ತೆರೆಯಲಿಲ್ಲ. ದುರುಗವ್ವ ಬೆರಳಿನಿಂದ ತುಟಿ ಬಿಡಿಸಬೇಕಾಯಿತು.

ಹಾಲವ್ವ ಅದನ್ನು ನೋಡಿದಳು. "ಅತ್ತೆ, ಟಗರಿನ ಬೇಟೆಗೆ ನಾನು ಹೋಗ್ತೀನಿ."

"ರಾಜನ ಮಂದಿ ಒಂಟೆ ಕಟ್ಟಿಕೊಂಡು ಹೋದರು. ನೀನು ಏನು ಕಟ್ಟಿಕೊಂಡು ಹೋಗ್ತಿ?"

"ಸೆರಗು."

ದುರುಗವ್ವನಿಗೆ ನಗು ಬರಬಾರದ ಹೊತ್ತಿನಲ್ಲಿ ನಗು ಬಂತು. ಕಣ್ಣೊರೆಸಿಕೊಂಡು ಅಂದಳು: "ಹೋಗೋದಾದರೆ ಅವರು ಹೋದ ಹಾಗೆ ಹೋಗಬೇಡ. ನಾನು ಊರಬಾಗಿಲಲ್ಲಿ ನಿಂತು ನೋಡಿದೀನಿ. ದಾರಿ ತೋರಿಸಲಿಕ್ಕೆ ಒಬ್ಬ, ನೀರು ಹೊರಲಿಕ್ಕೆ ಒಬ್ಬ, ಬಾಣ ಕೊಡಲಿಕ್ಕೆ ಒಬ್ಬಳು ಮುದುಕಿ. ಮೂವರೂ ಉಸುಕಿನ ಕಡೆಯಿಂದಲೇ ಬಂದು ಕೂಡಿಕೊಂಡರು. ಯಾರ ಪೈಕಿ, ಯಾವ ಊರು ಅಂತ ಒಬ್ಬರೂ ಕೇಳಲಿಲ್ಲ. ಬಿಸಿಲಲ್ಲಿ ಸಹಾಯ ಸಿಕ್ಕರೆ ಯಾರು ಕೇಳ್ತಾರೆ?"

"ಹಾಗಾದರೆ ನನ್ನ ದಾರಿ ನಾನೇ ನೋಡಿಕೊಳ್ತೀನಿ. ನೀರೂ ನನ್ನದೇ, ಬಾಣವೂ ನನ್ನದೇ."

"ಶಿವನದು ಅನ್ನು."

"ಶಿವನದು," ಎಂದಳು ಹಾಲವ್ವ.

ಅತ್ತೆ ಸೊಸೆ ಒಲೆಯ ಬೂದಿಯನ್ನು ನೆಲಕ್ಕೆ ಹರಡಿ ಮರಳುಗಾಡು ಮಾಡಿದರು. ಒಂದು ಹುಣಸೆಬೀಜ ಇಟ್ಟು ಇದು ಗುಡ್ಡ ಅಂದರು. ಸಂಜೆ ಬೆಳವದ ಹಕ್ಕಿಗಳು ಗುಂಪಾಗಿ ಯಾವ ಕಡೆ ಹಾರುತ್ತವೋ ಅಲ್ಲಿ ನೀರಿರಬೇಕು ಎಂದು ಒಂದು ಗೆರೆ ಎಳೆದರು. ಸಂಜೆಗಾಳಿ ಪಡುವಣದಿಂದ ಬೀಸುತ್ತದೆ, ಹಾಗಾಗಿ ಟಗರಿಗೆ ಮನುಷ್ಯರ ವಾಸನೆ ಸಿಗದಂತೆ ನೀರಿನ ಮೂಡಲಿಗೆ ಅಡಗಬೇಕು ಎಂದು ಗುರುತು ಹಾಕಿದರು. ಎಲ್ಲ ನೀರನ್ನೂ ಹೊತ್ತು ತಿರುಗುವುದು ಬೇಡ, ಸೋರೆಬುರುಡೆಗಳಲ್ಲಿ ತುಂಬಿ ದಾರಿಯುದ್ದಕ್ಕೂ ಹೂತಿಡು, ಬರುವಾಗ ಬೇಕಾಗುತ್ತದೆ ಎಂದು ದುರುಗವ್ವ ಹೇಳಿದಳು. "ಒಬ್ಬರಿಗೆ ಸಾಲೋವಷ್ಟು ಹೂಳಬೇಡ. ಇಬ್ಬರಿಗೆ ಸಾಲೋವಷ್ಟು ಹೂಳು." ಹಾಗೆಂದವಳು ಸೊಸೆಯ ಮುಖ ನೋಡದೆ ಹುರಿದ ಸಜ್ಜೆಹಿಟ್ಟು ಕಟ್ಟಲು ಎದ್ದುಹೋದಳು.

ಹಾಲವ್ವ ಬಾಣ ತಾನೇ ಕೆತ್ತಿದಳು, ಗರಿ ತಾನೇ ಕಟ್ಟಿದಳು, ಬಿಲ್ಲಿಗೆ ಹುರಿ ತಾನೇ ಹೊಸೆದಳು. ಅವಳ ಅಪ್ಪ ಬೇಟೆ ಕಲಿಸುವಾಗ ಮೊದಲು ಕಲಿಸಿದ್ದು ಬಿಲ್ಲು ಹಿಡಿಯುವುದನ್ನಲ್ಲ. "ಮಗಳೇ, ಪ್ರಾಣಿಯ ಬಾಯಿ ನೀರಿನಲ್ಲಿರುವಾಗ ಬಾಣ ಬಿಡಬಾರದು. ಆ ಹೊತ್ತಿಗೆ ಅದು ಶಿವನ ಮನೆಯಲ್ಲಿ ಉಣ್ಣುತ್ತಿರುತ್ತದೆ," ಎಂದಿದ್ದ. ಅದನ್ನು ನೆನೆದು ದೇವರಿಗೆ ದೀಪ ಹಚ್ಚಿ, ಕೂಸಿನ ಹಣೆ ಮುಟ್ಟಿ ಹೊರಟಳು.

ಉಸುಕಿನ ಮೇಲೆ ಬಿಸಿಲು ಏರಿತು. ನಡುಹಗಲಿಗೆ ಒಂದು ಒಣ ಜಾಲಿಯ ಕೆಳಗೆ ಉದ್ದ ಕೋಲು ಹಿಡಿದ ಒಬ್ಬ ನಿಂತಿದ್ದ.

"ಎಲ್ಲಿಗೆ ತಂಗಿ? ಬಾ, ದಾರಿ ತೋರಿಸ್ತೀನಿ."

ಹಾಲವ್ವ ಅವನ ಹಿಂದೆ ನೋಡಿದಳು. "ನೀನು ಬಂದ ಹೆಜ್ಜೆ ಎಲ್ಲಿ ಅಣ್ಣಾ?"

"ಗಾಳಿ ಅಳಿಸಿತು."

"ನನ್ನ ಹೆಜ್ಜೆ ಬಿಟ್ಟು ನಿನ್ನದನ್ನೇ ಹುಡುಕಿ ಅಳಿಸಿತೇ? ನನ್ನ ದಾರಿ ನನಗೆ ಗೊತ್ತಿದೆ. ನೀನು ನೆರಳಲ್ಲಿರು."

ಅವನು ನಕ್ಕ. ನಗುತ್ತಿದ್ದ ಹಾಗೆ ಬಾಯಿಂದ ಉಸುಕು ಸುರಿಯಿತು, ಮುಖ ಸುರಿಯಿತು, ಮೈ ಸುರಿಯಿತು. ಕೋಲೊಂದು ನಿಂತಿತ್ತು. ಹಾಲವ್ವ ಶಿವ ಶಿವ ಎಂದು ಅದನ್ನು ಸುತ್ತಿ ಮುಂದೆ ನಡೆದಳು.

ಮರುದಿನ ನಡುಹಗಲಿಗೆ ಅಗಲ ಬೆನ್ನಿನ ಒಬ್ಬ ಎದುರಾದ. ಹೆಗಲ ತುಂಬ ನೀರಿನ ಚೀಲಗಳು, ಒಂದೊಂದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ಬೆನ್ನು ಬಾಗಿದೆಯಲ್ಲ ತಾಯಿ. ನಿನ್ನ ನೀರು ಇತ್ತ ಕೊಡು, ಹೊತ್ತು ಬರ್ತೀನಿ."

ತೊಟ್ಟಿಕ್ಕಿದ ನೀರು ಬಿದ್ದ ಕಡೆ ಉಸುಕು ಒದ್ದೆಯಾಗುತ್ತಿರಲಿಲ್ಲ. ಹಾಲವ್ವನ ಗಂಟಲು ಒಣಗಿತ್ತು, ಆದರೂ ಅದನ್ನು ನೋಡಿದಳು.

"ನನ್ನ ನೀರು ನನ್ನ ಹೆಗಲಿಗೆ ಭಾರವಲ್ಲ ಅಣ್ಣಾ. ಮೊದಲು ನೀನು ಒಂದು ಗುಟುಕು ಕುಡಿ, ನೋಡೋಣ."

ಅವನು ಚೀಲ ಎತ್ತಿ ಕುಡಿದ. ಕುಡಿದಷ್ಟೂ ಒಣಗಿದ. ಕೊನೆಗೆ ತೊಗಲೊಂದು ನೆಲಕ್ಕೆ ಬಿದ್ದು ಗಾಳಿಗೆ ಉರುಳಿಹೋಯಿತು. ಹಾಲವ್ವ ಅಲ್ಲೇ ಒಂದು ಬುರುಡೆ ಹೂತು, ಕಲ್ಲಿಟ್ಟು, ಮುಂದೆ ನಡೆದಳು.

ಮೂರನೆಯ ನಡುಹಗಲಿಗೆ ಒಬ್ಬ ಮುದುಕಿ ಬಾಣ ಕೆತ್ತುತ್ತ ಕುಳಿತಿದ್ದಳು. ತಲೆ ಎತ್ತಿದಾಗ ಅದು ದುರುಗವ್ವನ ಮುಖ. ಮಡಿಲಲ್ಲಿ ಬಟ್ಟೆ ಸುತ್ತಿದ ಗಂಟೊಂದಿತ್ತು. ಆ ಗಂಟು ಅಳತೊಡಗಿತು.

"ನಿನ್ನ ಕೂಸಿನ ದನಿ ಮಗಳೇ. ನೀನು ಕೇಳೇ ಇಲ್ಲವಲ್ಲ. ಕೇಳು."

ಹಾಲವ್ವನ ಎದೆಹಾಲು ತಾನಾಗಿ ಸೋರಿ ರವಿಕೆ ತೊಯ್ದಿತು. ಅವಳು ನಿಂತೇ ಇದ್ದಳು. ಕಿವಿ ಮುಚ್ಚಿಕೊಳ್ಳಲು ಮನಸ್ಸಾಗಲಿಲ್ಲ.

"ಈ ಬಾಣ ತಗೋ. ಗುರಿ ಬೇಡ, ಬಿಟ್ಟರೆ ಸಾಕು, ತಾನಾಗಿ ಹೋಗಿ ತಾಗ್ತದೆ. ನಿನ್ನ ಬಾಣ ತಪ್ಪಿದರೆ ಈ ಕೂಸಿನ ಗತಿ ಏನು?"

ಕೈ ಅರ್ಧ ಮುಂದೆ ಹೋಗಿತ್ತು. ಹಾಲವ್ವ ಅದನ್ನು ಹಿಂದಕ್ಕೆಳೆದು ಬಿಲ್ಲು ಹಿಡಿದಳು. "ತಪ್ಪಿದರೆ ಇನ್ನೊಂದು ಬಿಡ್ತೀನಿ ಅಜ್ಜಿ. ತಾನಾಗಿ ಹೋಗುವ ಬಾಣ ಯಾರಿಗೆ ತಾಗ್ತದೆ ಅಂತ ನನಗೆ ಹ್ಯಾಗೆ ಗೊತ್ತಾಗಬೇಕು?"

ಅಳು ತಟ್ಟನೆ ನಿಂತಿತು. ಗಂಟು ಬಿಚ್ಚಿಕೊಂಡಿತು. ಒಳಗೆ ಕರಿಯ ಉಣ್ಣೆಯ ಉಂಡೆ. ಮುದುಕಿ ಇದ್ದ ಜಾಗದಲ್ಲಿ ಬಿಸಿಗಾಳಿ ಕುಣಿಯುತ್ತಿತ್ತು. ಹಾಲವ್ವ ಮೊಣಕಾಲೂರಿ ಕುಳಿತು, ಅಲ್ಲಿ ತುಸು ಹೊತ್ತು ತಾನು ಅತ್ತಳು. ಆಮೇಲೆ ಎದ್ದಳು.

ಸಂಜೆಯಾಗುವ ಮೊದಲು ಬೆಳವಗಳು ತಲೆಯ ಮೇಲೆ ಹಾರಿದವು. ಅವು ಇಳಿದ ಕಡೆಗೇ ನಡೆದು ನೀರಿನ ಮಡು ಮುಟ್ಟಿದಳು. ಸುತ್ತಲ ಗುಡ್ಡದ ತುಂಬ ಕಲ್ಲುಗಳು. ಒಂದೊಂದೂ ಟಗರಿನ ಆಕಾರ, ಒಂದೊಂದರ ಮುಖವೂ ನೀರಿನ ಕಡೆಗೆ. ಮುಟ್ಟಿ ನೋಡಿದರೆ ಕಲ್ಲು ಬೆಚ್ಚಗಿತ್ತು. ಅದು ಬಿಸಿಲಿನ ಬಿಸಿಯಲ್ಲ, ಮೈಯ ಬಿಸಿ.

ಅವಳು ಚಿಟಿಕೆ ಬೂದಿ ತೂರಿ ಗಾಳಿ ನೋಡಿದಳು. ನೀರಿನ ಮೂಡಲಿಗೆ ಉಸುಕಿನ ಬಣ್ಣದ ಕಂಬಳಿ ಹೊದ್ದು ಮಲಗಿದಳು.

ಕಾಡು ಟಗರು ಬಂತು. ಎತ್ತಿನಷ್ಟು ಎತ್ತರ, ಕೊಂಬುಗಳು ಎರಡು ಸುತ್ತು ಸುತ್ತಿ ಹೆಗಲ ಮೇಲೆ ಇಳಿದಿದ್ದವು, ಒಳಗೆ ಕೂಸುಗಳು ಸಣ್ಣಗೆ ಬಿಕ್ಕುತ್ತಿದ್ದವು. ಅದು ಪಡುವಣದ ದಡದಲ್ಲಿ ನಿಂತು ಬಾಯಿ ನೀರಿಗಿಟ್ಟಿತು. ಹಿಂದೆ ಇಳಿಯುತ್ತಿದ್ದ ಸೂರ್ಯ ಅದರ ನೆರಳನ್ನು ನೀರಿನಾಚೆ, ಹಾಲವ್ವನ ಮುಂದಿನ ದಡದವರೆಗೂ ಚಾಚಿದ್ದ.

ಇಷ್ಟು ಹತ್ತಿರದ ಗುರಿ ಇನ್ನು ಸಿಗುವುದಿಲ್ಲ. ಹಾಲವ್ವ ಹೆದೆ ಎಳೆದಳು. ಅಪ್ಪನ ಮಾತು ಕೈ ಹಿಡಿಯಿತು. ಮನೆಯಲ್ಲಿ ಕೂಸು ಕಣ್ಣು ಮುಚ್ಚುತ್ತಿರಬಹುದು. ಟಗರಿನ ಬಾಯಿ ನೀರಿನಲ್ಲಿತ್ತು. ಅವಳು ಕಾದಳು.

ಟಗರು ಕುಡಿದು ತಲೆ ಎತ್ತಿತು. ನೆರಳು ಎತ್ತಲಿಲ್ಲ.

ಟಗರು ತಿರುಗಿ ಗುಡ್ಡದ ಕಡೆ ನಡೆಯಿತು. ನೆರಳು ಅಲ್ಲೇ ಬಾಗಿ ನೀರು ಕುಡಿಯುತ್ತಿತ್ತು. ನೋಡುತ್ತಿದ್ದಂತೆ ಅದರ ಕೊಂಬು ಕರಗಿತು, ಭುಜ ಮೂಡಿತು, ಬೆರಳು ಮೂಡಿದವು. ಮನುಷ್ಯನ ನೆರಳು. ಮಡುವಿನ ನೀರು ಬೆರಳಗಲ ಬೆರಳಗಲ ಇಳಿಯುತ್ತಿತ್ತು. ಅವನೇ ಕಂಕಾಳ.

ಕುಡಿಯುವಾಗ ಅವನ ಪ್ರಾಣ ಟಗರಿನ ಪ್ರಾಣಕ್ಕೆ ಅಂಟಿರುತ್ತಿತ್ತು. ಆಗ ಯಾರೇ ಬಾಣ ಬಿಟ್ಟರೂ ಟಗರು ಕಲ್ಲಾಗುತ್ತಿತ್ತು, ಬಾಣ ಬಿಟ್ಟವನೇ ಮುಂದಿನ ಟಗರಾಗುತ್ತಿದ್ದ. ರಾಜನ ಬೇಟೆಗಾರರಿಗೆ ಆದದ್ದು ಹೀಗೆ. ಹಾಲವ್ವನಿಗೆ ಇದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ. ಮಾಟಗಾರನಾದರೂ ಅವನ ಬಾಯಿ ನೀರಿನಲ್ಲಿತ್ತು. ಟಗರು ದೂರವಾಗುತ್ತಿತ್ತು. ಅವಳು ಇನ್ನೂ ಕಾದಳು.

ನೆರಳು ಕೊನೆಗೆ ತಲೆ ಎತ್ತಿತು. ಅದಕ್ಕೆ ಕಣ್ಣಿರಲಿಲ್ಲ, ಆದರೂ ಅವಳನ್ನು ನೋಡಿತು.

"ಯಾಕೆ ಬಿಡಲಿಲ್ಲ?" ಎಂದು ಕೇಳಿತು.

"ನೀರು ಕುಡೀತಿದ್ದೆಯಲ್ಲ," ಎಂದಳು ಹಾಲವ್ವ.

ನೆರಳು ಗಾಬರಿಯಿಂದ, ಮತ್ತೆ ಟಗರಿಗೆ ಅಂಟಿಕೊಳ್ಳಲು ಅದರತ್ತ ತಿರುಗಿತು. ಅಷ್ಟರಲ್ಲಿ ಬಾಣ ಹೊರಟಾಗಿತ್ತು. ಅವಳೇ ಕೆತ್ತಿದ ಬಾಣ ಕಂಕಾಳನ ಎದೆ ತೂರಿ ಅವನನ್ನು ಉಸುಕಿಗೆ ನೆಟ್ಟಿತು. ಸೂರ್ಯ ಮುಳುಗಿದ. ಲೋಕದ ನೆರಳುಗಳೆಲ್ಲ ಅವವುಗಳ ದೇಹಕ್ಕೆ ಮರಳಿದವು. ಕಂಕಾಳನಿಗೆ ಮರಳಲು ದೇಹವಿರಲಿಲ್ಲ. ಒಂದು ಗಳಿಗೆ ಒದ್ದಾಡಿ ಇಲ್ಲವಾದ. ಬಾಣ ಮಾತ್ರ ನಿಂತಿತ್ತು.

ದೂರದಲ್ಲಿ ಟಗರಿನ ಕೊಂಬುಗಳು ಬಿರಿದವು. ಅಳುಗಳು ಹಕ್ಕಿಗಳ ಹಾಗೆ ಹೊರಬಿದ್ದು ಊರ ಕಡೆಗೆ ಹಾರಿದವು. ಬೆದರಿದ ಟಗರು ಮರಳುಗಾಡಿನ ಆಳಕ್ಕೆ ಓಡತೊಡಗಿತು. ಓಡುವಾಗ ಎಡಗಾಲು ತುಸು ಎಳೆಯುತ್ತಿತ್ತು.

ಹಾಲವ್ವ ಗಂಡನ ಹೆಸರನ್ನು ಅದುವರೆಗೆ ಬಾಯಿಬಿಟ್ಟು ಆಡಿದವಳಲ್ಲ. ಎದ್ದು ನಿಂತು, ಗಂಟಲು ಹರಿಯುವ ಹಾಗೆ ಕೂಗಿದಳು: "ಬೊಮ್ಮಣ್ಣಾ!"

ಟಗರು ನಿಂತಿತು. ತಿರುಗಿದಾಗ ಅದು ಮನುಷ್ಯ. ಗುಡ್ಡದ ಮೇಲಿನ ಕಲ್ಲುಗಳೂ ಒಂದೊಂದಾಗಿ ಮೈ ಕೊಡವಿ, ಕೆಮ್ಮಿ, ಮನುಷ್ಯರಾಗಿ ಎದ್ದವು.

ಬೊಮ್ಮಣ್ಣ ಕುಂಟುತ್ತ ಬಂದ.  ತಲೆ ತಗ್ಗಿಸಿ ಅಂದ: "ಬಾಣ ಆ ಮುದುಕಿಯದು, ಅವಸರ ನನ್ನದು. ಕುಡಿಯುವಾಗಲೇ ಬಿಟ್ಟುಬಿಟ್ಟೆ." ಆಮೇಲೆ ಮೆಲ್ಲಗೆ: "ಊರೊಳಗೆ ಮಾತ್ರ ಹಾಗೆ ಹೆಸರು ಹಿಡಿದು ಕೂಗಬೇಡ. ಅವ್ವ ಬಯ್ತಾಳೆ."

"ಬಯ್ಯಲಿ," ಎಂದಳು ಹಾಲವ್ವ.

ದಾರಿಯುದ್ದಕ್ಕೂ ಹೂತಿದ್ದ ಬುರುಡೆಗಳನ್ನು ತೆಗೆದರು. ಇಬ್ಬರಿಗೆಂದು ಹೂತ ನೀರು ಶಿವನ ದಯೆಯಿಂದ ಅಷ್ಟು ಮಂದಿಗೂ ಸಾಲಿತು. ಊರು ಹತ್ತಿರವಾದಂತೆ ಗದ್ದಲ ಕೇಳಿಸಿತು. ಮನೆಮನೆಯಲ್ಲೂ ಕೂಸುಗಳು ಕಿರುಚುತ್ತಿದ್ದವು. ದುರುಗವ್ವ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು.

"ತಗೋಳ್ರಿ ನಿಮ್ಮ ಸೊತ್ತು," ಎಂದಳು. "ಇದು ನನ್ನ ತಲೆ ತಿಂದುಹಾಕಿದೆ." ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

ಅಂದೇ ತೊಟ್ಟಿಲು ಕಟ್ಟಿದರು. ಕೂಸಿಗೆ ಶಿವಗಂಗೆ ಎಂದು ಹೆಸರಿಟ್ಟರು. ಆ ಮಡುವಿನ ದಡದಲ್ಲಿ ರಾಜನು ಒಂದು ಸಣ್ಣ ಗುಡಿ ಕಟ್ಟಿಸಿದ. ಅಲ್ಲಿ ಯಾವ ಪ್ರಾಣಿ ನೀರಿಗೆ ಬಾಯಿಟ್ಟರೂ ಬೇಡರು ಬಿಲ್ಲು ಕೆಳಗಿಟ್ಟು ಕಾಯುತ್ತಾರೆ.

ಅವರೆಲ್ಲ ಅಲ್ಲಿ ಸುಖವಾಗಿದ್ದರು. ನಮ್ಮ ಗಡಿಗೆಯ ನೀರು ತಣ್ಣಗಿರಲಿ, ನಮ್ಮ ಮನೆಯ ಕೂಸು ಗಟ್ಟಿಯಾಗಿ ಅಳಲಿ, ನಮ್ಮ ನೆರಳು ನಮ್ಮ ಜೊತೆಗೇ ಇರಲಿ.