ಗೀರಿಲ್ಲದ ಉಬ್ಬು

ಮೊದಲು ಕಂಡದ್ದು ಮಗಳಿಗೆ.

ಬೆಳಿಗ್ಗೆ ಬಾಗಿಲು ತೆಗೆದಳು. ಮನೆಯ ಮುಂದೆ ಕಾರಿರಲಿಲ್ಲ. ಓಣಿಯ ಕೆಳಗಿನವರೆಗೂ ಕಣ್ಣು ಹಾಯಿಸಿದಳು. ಇಳಿಜಾರು ಮುಗಿಯುವಲ್ಲಿ, ಮೋರಿಯ ಅಂಚಿಗೆ ಹೊಟ್ಟೆ ಊರಿ, ಗೋಡೆಗೆ ಮೂತಿ ಗುದ್ದಿಕೊಂಡು ಆ ಕಿತ್ತಳೆ ಬಣ್ಣದ ಕಾರು ನಿಂತಿತ್ತು.

"ಅಪ್ಪಾ, ಬೇಗ ಬಾ!"

ಅಪ್ಪ ಬನಿಯನ್ನಿನಲ್ಲೇ ಓಡಿ ಬಂದರು. ಮತ್ತೆ ಒಳಗೆ ಓಡಿದರು. ಗೂಟಕ್ಕೆ ಹಾಕಿದ್ದ ಅಂಗಿಯ ಜೇಬು ಮುಟ್ಟಿ ನೋಡಿದರು. ಜೇಬಿಗೆ ಹಾಕಿದ ಪಿನ್ನು ಹಾಗೇ ಇತ್ತು. ಒಳಗೆ ಕೀಲಿಯೂ ಇತ್ತು.

ಅವರು ಬಸ್ ಡ್ರೈವರ್ ಆಗಿದ್ದವರು. ನಿವೃತ್ತಿಯ ದಿನದವರೆಗೆ ಒಂದು ಸಣ್ಣ ಅಪಘಾತವೂ ಅವರ ಹೆಸರಿನಲ್ಲಿರಲಿಲ್ಲ. ಅಂಥ ಸ್ಪೋರ್ಟ್ಸ್ ಕಾರೊಂದನ್ನು ಜೀವಮಾನದಲ್ಲಿ ಒಮ್ಮೆ ಓಡಿಸಬೇಕೆಂಬ ಆಸೆ ಮಾತ್ರ ಉಳಿದಿತ್ತು. ಮಗಳು ಉಡುಗೊರೆಯಾಗಿ ಒಂದು ದಿನದ ಬಾಡಿಗೆಗೆ ಅದನ್ನು ತಂದುಕೊಟ್ಟಿದ್ದಳು.

* * *

ವಿಮಾ ಕಂಪನಿಯ ಸರ್ವೇಯರ್ ಮಧ್ಯಾಹ್ನದ ಹೊತ್ತಿಗೆ ಬಂದಳು. ಅಪಘಾತವಾದ ವಾಹನವನ್ನು ಪರೀಕ್ಷಿಸಿ, ಕಂಪನಿ ನಷ್ಟ ತುಂಬಿಕೊಡಬೇಕೋ ಬೇಡವೋ ಎಂದು ವರದಿ ಕೊಡುವುದು ಅವಳ ಕೆಲಸ. ಆಫೀಸಿನಲ್ಲಿ ಅವಳಿಗೆ 'ಅನುಮಾನಕ್ಕ' ಎಂಬ ಹೆಸರಿತ್ತು. ಮನೆಯ ಬೀಗವನ್ನು ಎರಡು ಸಲ ಎಳೆದು ನೋಡದೆ ಹೊರಡುವವಳಲ್ಲ. ಬೇರೆಯವರ ಮಾತನ್ನೂ ಹಾಗೆಯೇ ಎಳೆದು ನೋಡುತ್ತಿದ್ದಳು.

ಕಾರಿನ ಪಕ್ಕದಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದರು. ಕಾರು ಬಾಡಿಗೆಗೆ ಕೊಡುವ ಶೋರೂಮಿನ ಮಾಲೀಕ ಕುಕ್ಕರಗಾಲಲ್ಲಿ ಕೂತು, ಒಡೆಯದೆ ಉಳಿದಿದ್ದ ಒಂದು ದೀಪವನ್ನು ಕರವಸ್ತ್ರದಿಂದ ಒರೆಸುತ್ತಿದ್ದ.

"ಹ್ಯಾಂಡ್‌ಬ್ರೇಕ್ ಹಾಕಿಲ್ಲ, ಗೇರ್ ನ್ಯೂಟ್ರಲ್," ಎಂದರು ಇನ್ಸ್‌ಪೆಕ್ಟರ್. "ಬಾಗಿಲು ಕಿತ್ತ ಗುರುತಿಲ್ಲ. ತಾನೇ ಉರುಳಿಕೊಂಡು ಬಂದಿದೆ."

"ಪಾಪ, ವಯಸ್ಸಾದವರು," ಎಂದ ಮಾಲೀಕ ನಿಟ್ಟುಸಿರಿಟ್ಟು. "ಬೇಕಂತ ಮಾಡಿದ್ದಲ್ಲವಲ್ಲ ಮೇಡಂ. ನಿಮ್ಮ ಕಂಪನಿ ಕೊಟ್ಟುಬಿಟ್ರೆ ಅವರಿಗೂ ತೊಂದರೆ ಇಲ್ಲ, ನನಗೂ ತೊಂದರೆ ಇಲ್ಲ."

"ನಾನು ಹ್ಯಾಂಡ್‌ಬ್ರೇಕ್ ಹಾಕಿದ್ದೆ," ಎಂದರು ಡ್ರೈವರ್. "ಗೇರಲ್ಲಿ ಬಿಟ್ಟಿದ್ದೆ. ಮುಂದಿನ ಚಕ್ರಗಳಿಗೆ ಕಲ್ಲೂ ಕೊಟ್ಟಿದ್ದೆ."

"ಕಲ್ಲಾ? ಎಲ್ಲಿವೆ?"

ಅವರು ಕೈ ತೋರಿಸಿದರು. ಮೇಲೆ, ಮನೆಯ ಕಾಂಪೌಂಡಿಗೆ ಒರಗಿಸಿದಂತೆ ಎರಡು ಸೈಜುಗಲ್ಲುಗಳು ಅಕ್ಕಪಕ್ಕ ಕೂತಿದ್ದವು.

"ನೋಡಿ, ಇಟ್ಟೇ ಇಲ್ಲ," ಎಂದ ಮಾಲೀಕ. "ಮರೆತಿದ್ದಾರೆ."

"ಊಟ ಮರೀಬಹುದು ಸ್ವಾಮಿ. ಕಲ್ಲು ಮರೆಯೋನಲ್ಲ ನಾನು."

ಸರ್ವೇಯರ್ ಓಣಿಯುದ್ದಕ್ಕೂ ನಡೆದಳು. ಮನೆಗೂ ಮೋರಿಗೂ ನಡುವೆ ಒಂದು ರಸ್ತೆಯುಬ್ಬು ಇತ್ತು. ದಪ್ಪನೆಯ, ಗೂನುಬೆನ್ನಿನಂಥ ಉಬ್ಬು. ಓಣಿಯವರು ಹೊಸದಾಗಿ ಹಳದಿ ಪಟ್ಟೆ ಬಳಿದಿದ್ದರು. ಅವಳು ಬಗ್ಗಿ ಅದರ ಫೋಟೋ ತೆಗೆದುಕೊಂಡಳು. ಯಾಕೆಂದು ಅವಳಿಗೂ ಆಗ ತಿಳಿದಿರಲಿಲ್ಲ. ಏನೋ ಇರಬೇಕಾದದ್ದು ಅಲ್ಲಿ ಇರಲಿಲ್ಲ.

* * *

ಮನೆಯೊಳಗೆ ಮಗಳು ನೀರು ತಂದಿಟ್ಟಳು. ಅಳಿಯ ಗೋಡೆಗೆ ಅಂಟಿಕೊಂಡು ನಿಂತಿದ್ದ. ಔಷಧಿ ಅಂಗಡಿಯಲ್ಲಿ ಅವನ ಕೆಲಸ. ಅಂಗೈಗೆ ಬ್ಯಾಂಡೇಜು ಸುತ್ತಿತ್ತು.

"ಇನ್ಶೂರೆನ್ಸ್ ಎಲ್ಲಾ ಇದೆ, ನಿಶ್ಚಿಂತೆಯಾಗಿರಿ ಅಂದಿದ್ರಲ್ಲಮ್ಮ ಶೋರೂಮಿನೋರು?" ಎಂದು ಡ್ರೈವರ್ ಕೇಳಿದರು.

"ಇದೆ. ಆದರೆ ಎಲ್ಲ ಹೊತ್ತಿಗೂ, ಎಲ್ಲರಿಗೂ ಇಲ್ಲ," ಎಂದಳು ಸರ್ವೇಯರ್. ಮಾತುಗಳನ್ನು ಆರಿಸಿ ಆರಿಸಿ ಆಡಿದಳು. "ಕಾರು ಬಾಡಿಗೆಯ ಕರಾರಿನಲ್ಲಿರಬೇಕು. ಕರಾರಿನಲ್ಲಿ ಹೆಸರಿರೋರೇ ಓಡಿಸಿರಬೇಕು. ಆಗ ಮಾತ್ರ ಕಂಪನಿ ಕೊಡುತ್ತೆ. ನಿಮ್ಮ ಕರಾರಿನಲ್ಲಿ ನಿಮ್ಮ ಹೆಸರೊಂದೇ ಇದೆ."

"ನಮ್ಮ ಸ್ವಂತ ಕಾರಿಗೆ ಪಾಲಿಸಿ ಇದೆ. ಅದರಲ್ಲಿ ಆಗಲ್ವಾ?" ಎಂದಳು ಮಗಳು.

"ಬಾಡಿಗೆಗೆ ತಂದ ಇಂಥ ಕಾರನ್ನ ಆ ಪಾಲಿಸಿ ಮುಟ್ಟಲ್ಲ."

"ಬಾಡಿಗೆ ಕಟ್ಟಿದ್ದು ಕ್ರೆಡಿಟ್ ಕಾರ್ಡಲ್ಲಿ. ಅದರಲ್ಲೂ ವಿಮೆ ಇರುತ್ತೆ ಅಂತಾರಲ್ಲ?"

"ಬಾಡಿಗೆ ರಸೀದಿ ನೋಡಿ, ನಿಮ್ಮ ಕಾರ್ಡಿನ ಷರತ್ತು ಓದಿಯೇ ಬಂದೆ. ಸ್ಪೋರ್ಟ್ಸ್ ಕಾರನ್ನ ಹೊರಗಿಟ್ಟಿದ್ದಾರೆ. ಕಾರು ತರೋಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳಿವು. ಯಾರೂ ಕೇಳಲ್ಲ. ಎಲ್ಲರ ಕಣ್ಣೂ ಬಣ್ಣದ ಮೇಲೇ ಇರುತ್ತೆ."

ಡ್ರೈವರ್ ಮೆಲ್ಲಗೆ ಮನೆಯ ಗೋಡೆಗಳನ್ನು ನೋಡಿದರು. ಕಂಪನಿ ಕೈಬಿಟ್ಟರೆ ಆ ಕಾರಿಗೆ ಈ ಮನೆಯೇ ಹೋಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಕಾರಿನ ಬಗ್ಗೆ ಬೇರೇನಾದರೂ ನೆನಪಿದೆಯಾ?"

"ಹೊಟ್ಟೆ ಕೆಳಗೆ ಟಕ್ ಟಕ್ ಅಂತಿತ್ತು. ತಿರುವಿನಲ್ಲಿ ಜೋರು. ಫೋನ್ ಮಾಡಿ ಹೇಳಿದೆ. 'ಬಸ್ಸಲ್ಲ ಇದು, ಇಂಥ ಕಾರು ಹಂಗೇ ಮಾತಾಡುತ್ತೆ' ಅಂತ ನಕ್ಕರು. ಸಂಜೆ ವಾಪಸ್ ಕೊಡೋಕೆ ಹೊರಟರೆ, 'ರಾತ್ರಿ ನಿಮ್ಮನೇಲೇ ಇರಲಿ, ಬೆಳಿಗ್ಗೆ ತನ್ನಿ' ಅಂದ್ರು."

"ಅವರೇ ಹೇಳಿದರಾ?"

"ಅವರೇ. ನಾನು ಬೇಡ ಅಂದೆ. ಓಣಿ ಸರಿಯಿಲ್ಲ, ಉಬ್ಬು ದಾಟಿಸೋದು ಕಷ್ಟ."

ಮಗಳು ಅಂಥ ಹೊತ್ತಿನಲ್ಲೂ ನಕ್ಕುಬಿಟ್ಟಳು. "ಉಬ್ಬಿನ ಹತ್ತಿರ ನಿಲ್ಲಿಸಿ, 'ಪ್ಯಾಸೆಂಜರೆಲ್ಲ ಇಳೀರಿ' ಅಂದ್ರು ಮೇಡಂ. ಎಲ್ಲ ಅಂದ್ರೆ ನಾನೊಬ್ಬಳೇ! ಆಮೇಲೆ ನಮ್ಮ ಯಜಮಾನ್ರು ಬಡಗಿ ಅಂಗಡಿಯಿಂದ ಹಲಗೆ ಹೊತ್ತು ತಂದರು. ಅಪ್ಪ ಹಲಗೆ ಹಾಸಿಸಿ, ಇಂಚಿಂಚಾಗಿ ಹತ್ತಿಸಿ, ಮೇಲೆ ಕಾರು ತಿರುಗಿಸಿ ನಿಲ್ಲಿಸಿದರು. ಓಣಿಯೋರೆಲ್ಲ ಕಿಟಕಿಯಲ್ಲಿದ್ದರು."

"ಹಲಗೆ ಇಲ್ಲದಿದ್ದರೆ?"

"ಮುಂದಿನ ಬಂಪರಿನ ಕೆಳತುಟಿ ಕಿತ್ತು ಹೋಗ್ತಿತ್ತು," ಎಂದರು ಡ್ರೈವರ್. "ಅಷ್ಟು ತಗ್ಗು ಅದು."

ಸರ್ವೇಯರಳ ಫೋನು ಬಡಿಯಿತು. ಆಫೀಸಿನ ಸಾಹೇಬರು.

"ಕಳಿಸಿರೋ ಫೋಟೋ ನೋಡಿದ್ರಾ? ಡ್ರೈವರ್ ಸೀಟಲ್ಲಿ ಅಳಿಯ ಕೂತಿದ್ದಾನೆ, ಸ್ಟೇರಿಂಗ್ ಹಿಡಕೊಂಡು ಹಲ್ಲು ಕಿರಿದಿದ್ದಾನೆ. ತಾನೇ ಇಂಟರ್‌ನೆಟ್ಟಿನಲ್ಲಿ ಹಾಕ್ಕೊಂಡಿದ್ದಾನೆ ಎಲ್ಲರಿಗೂ ಕಾಣೋ ಹಾಗೆ. ಹೆಸರಿಲ್ಲದೋನು ಓಡಿಸಿದ. ಕ್ಲೇಮ್ ಬಿದ್ದುಹೋಯ್ತು. ಸಂಜೆ ವರದಿ ಕಳಿಸಿ."

"ಸರ್, ಕೂತಿದ್ದು ಬೇರೆ, ಓಡಿಸಿದ್ದು ಬೇರೆ."

"ನಿಮ್ಮ ಅನುಮಾನಕ್ಕೆ ಕಂಪನಿ ಸಂಬಳ ಕೊಡುತ್ತಾ?"

"ಹೌದು ಸರ್, ಅದಕ್ಕೇ ಕೊಡೋದು," ಎಂದು ಅವಳು ಫೋನಿಟ್ಟಳು.

* * *

ಅಳಿಯನನ್ನು ಓಣಿಗೆ ಕರೆದು ನಿಲ್ಲಿಸಿ ಕೇಳಿದಳು.

"ಕೈಗೆ ಏನಾಯಿತು?"

"ಏನಿಲ್ಲ. ಬಿದ್ದೆ."

"ಎಲ್ಲಿ?"

ಅವನು ಮನೆಯ ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ. "ಮಾವನಿಗೆ ಹೇಳಬೇಡಿ. ಮೈದಾನದಲ್ಲಿ ಸ್ಕೂಟರ್ ಕಲಿಯೋಕೆ ಹೋಗಿ ಬಿದ್ದೆ. ನನಗೆ ಗಾಡಿ ಓಡಿಸೋಕೇ ಬರಲ್ಲ ಮೇಡಂ. ಸೈಕಲ್ ಬಿಟ್ಟು ಬೇರೇನೂ ಬರಲ್ಲ. ಲೈಸೆನ್ಸ್ ಇಲ್ಲ. ಮನೇಲಿರೋ ಕಾರು ಓಡಿಸೋದು ನನ್ನ ಹೆಂಡತಿ. ಡ್ರೈವರ್ ಮನೆ ಅಳಿಯ ಆಗಿ ಇದನ್ನ ಯಾವ ಬಾಯಲ್ಲಿ ಹೇಳಲಿ? ಸುಮ್ಮನೆ ಕೂತು ಫೋಟೋ ತೆಗೆಸಿಕೊಂಡೆ."

ಹಿಂದೆ ಯಾರೋ ಕೆಮ್ಮಿದರು. ಡ್ರೈವರ್ ಹೊಸ್ತಿಲಲ್ಲಿ ನಿಂತಿದ್ದರು. ಅವರಿಗೆ ಮಾತು ಕೇಳಿಸಿರಲಿಲ್ಲ. ಅಳಿಯನ ಮುಖ ಮಾತ್ರ ಕಂಡಿತ್ತು. ಅದನ್ನು ಅವರು ಬೇರೆ ಥರ ಓದಿಕೊಂಡರು.

"ಮೇಡಂ, ಅಳಿಯಂದಿರನ್ನ ಬಿಡಿ," ಎಂದರು. "ಬ್ರೇಕ್ ಹಾಕೋದು ನಾನೇ ಮರೆತೆ. ಕಲ್ಲೂ ಇಟ್ಟಿರಲಿಲ್ಲ. ಹಾಗಂತ ಬರ್ಕೊಳ್ಳಿ. ಸಹಿ ಹಾಕ್ತೀನಿ."

ಅಷ್ಟು ವರ್ಷಗಳ ಶುದ್ಧ ಹೆಸರನ್ನು ಮುದುಕರು ಒಂದೇ ಉಸಿರಿನಲ್ಲಿ ಬಿಟ್ಟುಕೊಟ್ಟಿದ್ದರು.

"ಸುಳ್ಳಿಗೆ ನಾನು ಸಹಿ ತಗೊಳ್ಳಲ್ಲ," ಎಂದಳು ಸರ್ವೇಯರ್. "ನಾಳೆವರೆಗೆ ಸುಮ್ಮನಿರಿ. ಯಾರು ಬಂದು ಕೇಳಿದರೂ ಯಾವುದಕ್ಕೂ ಸಹಿ ಹಾಕಬೇಡಿ."

* * *

ಕಾರನ್ನು ಎಳೆದು ಗ್ಯಾರೇಜಿಗೆ ತಂದಿದ್ದರು. ಮೆಕ್ಯಾನಿಕ್ ಅದನ್ನು ಮೇಲಕ್ಕೆತ್ತಿದ. ಸರ್ವೇಯರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗೆ ನಿಂತಳು. ಮೋರಿಯ ಅಂಚು ತಗುಲಿದ ಕಡೆ ಕಾರಿನ ತಳ ಉದ್ದಕ್ಕೆ ಬಿರುಕು ಬಿಟ್ಟಿತ್ತು.

"ಮೂತಿ ರಿಪೇರಿ ಮಾಡಬಹುದು," ಎಂದ ಮೆಕ್ಯಾನಿಕ್. "ತಳ ಆಗಲ್ಲ. ಇದು ಹೋದರೆ ಕಾರೇ ಹೋದ ಹಾಗೆ."

ಅವಳು ಟಾರ್ಚು ಹಿಡಿದಳು. ಬಿರುಕಿನ ಒಂದು ತುದಿ ಹೊಸದು, ಒಳಮೈ ಕಪ್ಪಗೆ ಹೊಳೆಯುತ್ತಿತ್ತು. ಇನ್ನೊಂದು ತುದಿಯಲ್ಲಿ ಬೆರಳಾಡಿಸಿದಳು. ಬೆರಳಿಗೆ ಎಣ್ಣೆಯಲ್ಲಿ ಗಟ್ಟಿಯಾದ ಧೂಳು ಹತ್ತಿತು.

"ಒಂದು ರಾತ್ರಿಯಲ್ಲಿ ಇಷ್ಟು ಧೂಳು ಕೂರುತ್ತಾ?"

"ತಿಂಗಳುಗಟ್ಟಲೆ ಬೇಕು," ಎಂದ ಮೆಕ್ಯಾನಿಕ್.

ಅಲ್ಲಿಂದ ಅವಳು ಶೋರೂಮಿಗೆ ಹೋದಳು. ನುಣುಪು ನೆಲದ ಮೇಲೆ ಕಾರುಗಳು ಸಾಲಾಗಿ ನಿಂತಿದ್ದವು. ಮಾಲೀಕ ಕುರ್ಚಿ ಎಳೆದು ಕೂರಿಸಿದ. ಅಳಿಯನ ಫೋಟೋ ವಿಷಯ ಅವನಿಗೂ ಮುಟ್ಟಿತ್ತು. ಮಧ್ಯಾಹ್ನದ ಕನಿಕರ ದನಿಯಲ್ಲಿ ಉಳಿದಿರಲಿಲ್ಲ.

"ನಿಮ್ಮ ಕಂಪನಿ ಕೊಡದಿದ್ರೆ ಆ ಮುದುಕನೇ ಕೊಡಬೇಕು ಮೇಡಂ. ಕರಾರು ಕರಾರೇ."

"ರಾತ್ರಿ ಕಾರು ಹೊರಗೆ ಬಿಡೋದು ನಿಮ್ಮಲ್ಲಿ ವಾಡಿಕೆಯಾ?"

"ಹಿರಿಯರು ಅಂತ ಬಿಟ್ಟೆ. ಒಳ್ಳೇತನಕ್ಕೆ ಕಾಲವಿಲ್ಲ."

"ಇನ್ನೊಂದು ಕೀಲಿ?"

"ನನ್ನ ಬೀರುವಿನಲ್ಲಿ."

"ಕಾರು ಕೊಡುವಾಗ ಅವರಿಗೆ ಎಲ್ಲಾ ತೋರಿಸಿದಿರಾ?"

"ಗೇರು, ಬ್ರೇಕು ತೋರಿಸಿದೆ. ಕಾರನ್ನ ನಾನೇ ರಸ್ತೆಗೆ ತಂದು ಕೊಟ್ಟೆ. ಬನ್ನಿ, ನಿಮ್ಮನ್ನೂ ಬಸ್ ನಿಲ್ದಾಣಕ್ಕೆ ಬಿಡ್ತೀನಿ. ಈ ಕಾರೂ ಅದೇ ಮಾದರಿಯದು, ಬಣ್ಣ ಬೇರೆ."

ನೀಲಿ ಕಾರು ಶೋರೂಮಿನಿಂದ ಹೊರಟಿತು. ಗೇಟಿನಲ್ಲಿ ಗಟಾರದ ಮೇಲೆ ಎತ್ತರದ ಕಲ್ಲುಚಪ್ಪಡಿ. ಮಾಲೀಕ ಮಾತಾಡುತ್ತಲೇ ಇದ್ದ. ಅವನ ಹೆಬ್ಬೆರಳು ತಾನಾಗಿಯೇ ಹೋಗಿ ಒಂದು ಗುಂಡಿ ಒತ್ತಿತು. ಗುಂಯ್ ಎಂಬ ಸಣ್ಣ ಸದ್ದು. ಕಾರಿನ ಮೂತಿ ಮೆಲ್ಲಗೆ ಮೇಲೆದ್ದಿತು. ಚಪ್ಪಡಿ ದಾಟಿತು. ಹೆಬ್ಬೆರಳು ಮತ್ತೆ ಒತ್ತಿತು. ಮೂತಿ ಇಳಿಯಿತು.

"ಇದೇನು?" ಎಂದಳು ಸರ್ವೇಯರ್.

"ಯಾವುದು? ಓ, ಇದಾ. ಮೂತಿ ಎತ್ತೋದು. ಇಲ್ಲದಿದ್ರೆ ಕೆಳಗೆ ಉಜ್ಜಿಬಿಡುತ್ತೆ."

"ಎಂಜಿನ್ ಚಾಲೂ ಇರಬೇಕಾ?"

"ಬೇಕಿಲ್ಲ. ಕೀಲಿ ತಿರುಗಿಸಿದ್ರೆ ಸಾಕು, ಬ್ಯಾಟರಿಯಲ್ಲೇ ಏಳುತ್ತೆ."

ಅವಳು ಕಿಟಕಿಯಾಚೆ ನೋಡುತ್ತಾ ಕೂತಳು. ಹಳದಿ ಪಟ್ಟೆಯ ಆ ಉಬ್ಬಿನಲ್ಲಿ ಏನು ಇರಲಿಲ್ಲ ಎಂಬುದು ಈಗ ತಿಳಿಯಿತು.

* * *

ಮರುದಿನ ಬೆಳಿಗ್ಗೆ ಓಣಿಯಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರ್ ಬಂದಿದ್ದರು. ಸಾಹೇಬರೂ ಗೊಣಗುತ್ತಾ ಬಂದಿದ್ದರು. ಮಾಲೀಕ ನೀಲಿ ಕಾರು ತಂದಿದ್ದ. ಅದನ್ನು ಮನೆಯ ಮುಂದೆ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿಯಾಗಿತ್ತು. ಡ್ರೈವರ್ ಯಾರ ಮುಖವನ್ನೂ ನೋಡದೆ ಗೇಟಿಗೆ ಒರಗಿದ್ದರು.

"ಅಪಘಾತ ಹೇಗಾಯಿತು ಅಂತ ಒಂದು ಸಲ ನೋಡೋಣ," ಎಂದಳು ಸರ್ವೇಯರ್. "ಎಂಜಿನ್ ಬಂದ್. ಕೀಲಿ ನನ್ನ ಕೈಯಲ್ಲಿರಲಿ. ನೀವು ಒಳಗೆ ಕೂತು ಹ್ಯಾಂಡ್‌ಬ್ರೇಕ್ ಬಿಡಿ. ಉಬ್ಬು ದಾಟಿದ ಮೇಲೆ ನಿಲ್ಲಿಸಿಬಿಡಿ."

ಮಾಲೀಕ ಕೂತ. ಬ್ರೇಕ್ ಬಿಟ್ಟ. ಕಾರು ಉರುಳತೊಡಗಿತು. ಅವನ ಹೆಬ್ಬೆರಳು ಗುಂಡಿಯತ್ತ ಹೋಯಿತು. ಒತ್ತಿತು. ಏನೂ ಆಗಲಿಲ್ಲ. ಉಬ್ಬು ಹತ್ತಿರ ಬಂತು. ಗಕ್ಕನೆ ಬ್ರೇಕ್ ತುಳಿದ.

"ಆಗಲ್ಲ ಮೇಡಂ! ಮೂತಿ ಎತ್ತದೆ ಹೋದ್ರೆ ತುಟಿ ಕಿತ್ತು ಬರುತ್ತೆ!"

ಸಾಹೇಬರು ಬಗ್ಗಿ ಉಬ್ಬನ್ನು ನೋಡಿದರು.

"ಸರಿಯಾಗಿ ಹೇಳಿದಿರಿ," ಎಂದಳು ಸರ್ವೇಯರ್. "ಹಾಗಾದರೆ ಆ ರಾತ್ರಿ ಇಲ್ಲಿ ಯಾಕೆ ಕಿತ್ತು ಬರಲಿಲ್ಲ? ಈ ಹಳದಿ ಬಣ್ಣ ನೋಡಿ. ಒಂದು ಗೀರೂ ಇಲ್ಲ. ತಾನೇ ಉರುಳಿದ ಕಾರು ಇಲ್ಲಿ ಉಜ್ಜಲೇಬೇಕಿತ್ತು. ಉಜ್ಜಿಲ್ಲ. ಅಂದರೆ ಯಾರೋ ಕೀಲಿ ಹಾಕಿ, ಮೂತಿ ಎತ್ತಿ, ಮೆಲ್ಲಗೆ ಉಬ್ಬು ದಾಟಿಸಿದ್ದಾರೆ. ಆಮೇಲೆ ಇಳಿದು, ಬ್ರೇಕ್ ಬಿಟ್ಟು ಮೋರಿಗೆ ತಳ್ಳಿದ್ದಾರೆ."

"ಅಳಿಯ ಮಾಡಿರಬಹುದಲ್ಲ?" ಎಂದರು ಸಾಹೇಬರು.

"ಗುಂಡಿ ಗೊತ್ತಿದ್ದರೆ ಅಳಿಯ ಹಲಗೆ ಯಾಕೆ ಹೊರುತ್ತಿದ್ದ ಸರ್? ಮಾವ ಯಾಕೆ ಹಾಸಿಸುತ್ತಿದ್ದರು? ಓಣಿಯೋರೆಲ್ಲ ನೋಡಿದ್ದಾರೆ. ಈ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಇವರ ಕೀಲಿ ಪಿನ್ನು ಹಾಕಿದ ಜೇಬಲ್ಲಿತ್ತು. ಇನ್ನೊಂದು ಕೀಲಿ ಇದ್ದದ್ದು ಒಂದೇ ಕಡೆ."

ಮಾಲೀಕ ಕಾರಿನಿಂದ ಇಳಿದ. "ನನ್ನ ಕಾರನ್ನ ನಾನೇ ಯಾಕೆ ಹಾಳು ಮಾಡ್ಕೊಳ್ಳಲಿ? ತಲೆ ಕೆಟ್ಟಿದೆಯಾ?"

"ಅದು ಮೊದಲೇ ಹಾಳಾಗಿತ್ತು. ತಳದ ಬಿರುಕಿನಲ್ಲಿ ಹಳೆಯ ಧೂಳಿದೆ. ಟಕ್ ಟಕ್ ಅಂತ ಇವರು ಕೇಳಿಸಿಕೊಂಡದ್ದು ಅದನ್ನೇ. ಬಾಡಿಗೆದಾರರು ಒಡೆದಿದ್ದರೆ ಆಗಲೇ ಕ್ಲೇಮ್ ಹಾಕುತ್ತಿದ್ದಿರಿ. ಹಿಂದೆ ಯಾವತ್ತೋ ನೀವೇ ಮೋಜಿಗೆ ಓಡಿಸಿ ಒಡೆದಿರಿ. ಆದರೆ ಪಾಲಿಸಿ ಇರೋದು ಬಾಡಿಗೆಯಲ್ಲಿದ್ದಾಗ ಮಾತ್ರ. ನಿಮ್ಮ ಸ್ವಂತ ಓಡಾಟಕ್ಕೆ ಇಲ್ಲ. ಅದಕ್ಕೇ ಒಬ್ಬ ಬಾಡಿಗೆದಾರ ಬೇಕಾಗಿತ್ತು. ವಯಸ್ಸಾದವರು, ಮರೆತರು ಅಂದರೆ ಜಗತ್ತು ನಂಬುತ್ತೆ. ರಾತ್ರಿ ನಿಮ್ಮಲ್ಲೇ ಇರಲಿ ಅಂದಿರಿ. ಬಂದು ಕಲ್ಲು ತೆಗೆದಿರಿ. ಕಾರು ತಾನೇ ಉರುಳಿದ್ದರೆ ಕಲ್ಲುಗಳು ದಾರಿಯಲ್ಲಿ ಚೆಲ್ಲಾಪಿಲ್ಲಿ ಬೀಳುತ್ತಿದ್ದವು. ನೀವು ಓರಣವಾಗಿ ಒರಗಿಸಿಟ್ಟಿರಿ."

"ಇದೆಲ್ಲ ಊಹೆ!"

"ಮೋರಿಗೆ ಕೆಡವೋಕೆ ಹೊರಟ ಕಾರು ಅದು. ಉಬ್ಬಿಗೆ ಉಜ್ಜಿದರೆ ಉಜ್ಜಲಿ ಅಂತ ಬೇರೆ ಯಾರಾದರೂ ಬಿಡುತ್ತಿದ್ದರು. ನಿಮ್ಮ ಹೆಬ್ಬೆರಳು ಬಿಡಲಿಲ್ಲ. ಈಗಲೂ ಬಿಡಲಿಲ್ಲ. ಎಲ್ಲರೂ ನೋಡಿದರು."

ಮಾಲೀಕ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅದು ಬೇರೆ ಯಾರದೋ ಎಂಬಂತೆ ನೋಡಿದ. ನಂತರ ನೀಲಿ ಕಾರಿಗೆ ಒರಗಿ ಕುಸಿದ.

"ಒಂದೇ ಒಂದು ಸುತ್ತು ಹೋಗಿದ್ದೆ," ಎಂದ. "ಮಣ್ಣಿನ ರಸ್ತೆಯಲ್ಲಿ ಬಂಡೆ ಇದ್ದದ್ದು ಕಾಣಲಿಲ್ಲ."

ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದರು. "ಹತ್ತಿ. ನಮ್ಮ ಜೀಪಿಗೆ ಮೂತಿ ಎತ್ತೋದೇನೂ ಬೇಡ."

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಮೋಸದ ಕ್ಲೇಮ್. ಕಂಪನಿಯೂ ಕೊಡಬೇಕಿಲ್ಲ, ಬಾಡಿಗೆದಾರರೂ ಕೊಡಬೇಕಿಲ್ಲ. ವರದಿಯಲ್ಲಿ ಹಾಗೇ ಬರೀರಿ."

"ಬರೆದಾಗಿದೆ ಸರ್," ಎಂದಳು ಸರ್ವೇಯರ್. "ಎರಡು ಸಲ ಓದಿಯೂ ಆಗಿದೆ."

ಜೀಪು ತಿರುವು ದಾಟಿತು. ಮಗಳು ಅಪ್ಪನ ಕೈ ಹಿಡಿದು ಅಳುತ್ತಾ ನಗುತ್ತಾ ನಿಂತಳು. ಡ್ರೈವರ್ ಸಾವಕಾಶವಾಗಿ ನಡೆದು ಆ ಎರಡು ಕಲ್ಲುಗಳ ಹತ್ತಿರ ಬಗ್ಗಿದರು. ಅಳಿಯ ಓಡಿ ಬಂದು ಒಂದನ್ನು ಎತ್ತಿಕೊಂಡ.

"ನಿಮ್ಮ ಮೇಲೆ ಅನುಮಾನ ಪಟ್ಟೆ, ಅಳಿಯಂದ್ರೇ," ಎಂದರು ಅವರು, ಕಲ್ಲನ್ನೇ ನೋಡುತ್ತಾ.

"ನಾನೇ ಮಾಡಿದ್ದು ಅನ್ಕೊಂಡು ನೀವು ನಿಮ್ಮ ಮೇಲೆ ಹಾಕ್ಕೊಂಡ್ರಿ. ಅದು ಗೊತ್ತಾಯ್ತು ಮಾವ." ಅವನು ಕಲ್ಲನ್ನು ಎದೆಗೆ ಒತ್ತಿಕೊಂಡ. "ಇನ್ನೊಂದು ವಿಷಯ ಇದೆ. ನನಗೆ ಗಾಡಿ ಓಡಿಸೋಕೆ ಬರಲ್ಲ. ಯಾವ ಗಾಡಿಯೂ."

ಡ್ರೈವರ್ ತಲೆಯೆತ್ತಿ ಅವನ ಬ್ಯಾಂಡೇಜು ಸುತ್ತಿದ ಕೈಯನ್ನು ನೋಡಿದರು. ಮುಖವನ್ನೂ ನೋಡಿದರು. ಮದುವೆಯಾದಂದಿನಿಂದ 'ನೀವು' ಎಂದು ದೂರವಿಟ್ಟಿದ್ದ ಅಳಿಯನಿಗೆ ಅವರು ಮೊದಲ ಸಲ ಗದರಿದರು.

"ಅಷ್ಟೇನಾ? ನಾಳೆ ಬೆಳಿಗ್ಗೆ ಮೈದಾನಕ್ಕೆ ಬಾರೋ. ಆ ಕಲ್ಲೂ ಹೊತ್ಕೊಂಡು ಬಾ. ಮೊದಲು ಗಾಡಿ ನಿಲ್ಲಿಸೋದು ಕಲಿಸ್ತೀನಿ. ಓಡಿಸೋದು ಆಮೇಲೆ."