ಆಯುಧಪೂಜೆಗೆ ಕೂತ ಪಂಖ

೧೯೫೩ರ ಆಗಸ್ಟ್ ಹನ್ನೊಂದರಂದು ಮುಂಬಯಿಯ ಅಂಧೇರಿ ಠಾಣೆಗೆ ದೂಜ ಎಂಬ ವ್ಯಾಪಾರಿ ಬಂದು, ತಮ್ಮ ಗೋದಾಮಿನಿಂದ ಪಂಖವೊಂದು ಕಳುವಾಗಿದೆ ಎಂದು ದೂರು ಕೊಟ್ಟರು. ಮನೆಯಲ್ಲಿ ಗಾಳಿ ಬೀಸುವ ಪಂಖವಲ್ಲ. ವಿಮಾನದ ಮೂತಿಯಲ್ಲಿ ತಿರುಗುವ ಆರೂವರೆ ಅಡಿಯ ಮರದ ಪ್ರೊಪೆಲ್ಲರ್. ಹಳೆಯ ಪ್ರೊಪೆಲ್ಲರ್‌ಗಳನ್ನು ಕೊಂಡು, ಪಾಲಿಶ್ ಮಾಡಿ, ಶ್ರೀಮಂತರ ದಿವಾನಖಾನೆಗಳಿಗೆ ಮಾರುವುದು ಮಂಗಳೂರು ಕಡೆಯ ಈ ದೂಜರ ಕಸುಬು. ಕಳುವಾದದ್ದರ ನಡುವೆ ಅಗಲವಾಗಿ ಕೊರೆದು, ಗಡಿಯಾರ ಕೂರಿಸಿ ಕೊಡುವುದಾಗಿ ಗಿರಾಕಿಯೊಬ್ಬರಿಗೆ ಮಾತು ಕೊಟ್ಟಿದ್ದರು.

ಠಾಣೆಯ ಇನ್‌ಸ್ಪೆಕ್ಟರ್, ಧಾರವಾಡ ಕಡೆಯ ನೀಲಕಂಠಪ್ಪ, ಎಫ್‌ಐಆರ್ ದಾಖಲಿಸಿ ಸ್ಥಳ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ಫಳಫಳ ಹೊಳೆಯುವ ಪಂಖಗಳನ್ನೆಲ್ಲ ಬಿಟ್ಟು, ತುದಿಗೆ ತೇಪೆ ಹಾಕಿದ ಹಳೆಯದೊಂದನ್ನೇ ಕಳ್ಳ ಎತ್ತಿದ್ದ. ಇಷ್ಟು ಪೆದ್ದ ಕಳ್ಳನನ್ನು ನೀಲಕಂಠಪ್ಪ ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಯಾಕೋ ಅವನ ಮೇಲೆ ಅವರಿಗೆ ಸಿಟ್ಟೇ ಬರಲಿಲ್ಲ. ಮಧ್ಯಾಹ್ನ ಉಂಡ ಮೇಲೆ ತಾವು ಬಾಗಿಲು ತೆರೆದಿಟ್ಟೇ ನಿದ್ದೆ ಹೋಗುವುದುಂಟೆಂದು ದೂಜರು ಮೂರನೆಯ ಸಲ ಕೇಳಿದಾಗ ಒಪ್ಪಿಕೊಂಡರು.

ಮಲಾಡಿನ ಗುಜರಿ ಅಂಗಡಿಗಳು, ಊರೊಳಗಿನ ಹಳೆ ಸಾಮಾನಿನ ಬಜಾರು ಎಲ್ಲ ಸುತ್ತಿದ್ದಾಯಿತು. ಎರಡು ತಿಂಗಳು ಏನೂ ಸಿಗಲಿಲ್ಲ.

ಆಯುಧಪೂಜೆಯ ದಿನ ಠಾಣೆಯ ಬಂದೂಕುಗಳಿಗೆ ಹೂವು ಏರಿಸುವ ಹೊತ್ತಿಗೆ, ತಿಂಡಿಯ ಕರೆ ಬಂದಲ್ಲೆಲ್ಲ ತಪ್ಪದೆ ಹಾಜರಾಗುವ ಕಾನ್‌ಸ್ಟೇಬಲ್ ಚೆನ್ನಯ ಪಕ್ಕದ ಗಲ್ಲಿಯ ಉಡುಪಿ ಹೋಟೆಲಿನಿಂದ ಓಡಿ ಬಂದ. ಕೈಯಲ್ಲಿ ಅವಲಕ್ಕಿ ಪ್ರಸಾದ ಹಾಗೆಯೇ ಇತ್ತು. ಅವನು ತಿನ್ನದೆ ಬಂದಿದ್ದಾನೆಂದರೆ ವಿಷಯ ದೊಡ್ಡದೇ ಇರಬೇಕೆಂದು ನೀಲಕಂಠಪ್ಪ ಟೋಪಿ ಹಾಕಿಕೊಂಡರು.

ಹೋಟೆಲಿನ ಹಿಂದಿನ ಕೋಣೆಯಲ್ಲಿ ರುಬ್ಬುವ ಕಲ್ಲು, ಈಳಿಗೆಮಣೆ, ಸೌಟುಗಳ ಸಾಲಿನಲ್ಲಿ ಪಂಖವೂ ಸೇವಂತಿಗೆ ಹಾಕಿಕೊಂಡು ಕೂತಿತ್ತು. ಅಷ್ಟು ದಿನ ಬಾಳೆಎಲೆ ಕಟ್ಟುಗಳ ಹಿಂದೆ ಬಚ್ಚಿಟ್ಟವನಿಗೆ ಇವತ್ತೊಂದು ದಿನ ಅದನ್ನು ಪೂಜೆಯಿಲ್ಲದೆ ಬಿಡಲು ಮನಸ್ಸು ಬಂದಿರಲಿಲ್ಲ. ಅದಕ್ಕೆ ಕುಂಕುಮ ಹಚ್ಚುತ್ತಿದ್ದವನು ಹಿಟ್ಟು ರುಬ್ಬುವ ಪೂವಪ್ಪ. ಅವನ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ.

ಮಂಗಳಾರತಿ ಇನ್ನೂ ಆಗಿರಲಿಲ್ಲ. ನೀಲಕಂಠಪ್ಪ ಬೂಟು ಕಳಚಿ, ಆರತಿ ಮುಗಿಯುವವರೆಗೆ ಕೈಮುಗಿದು ನಿಂತರು. ಆಮೇಲೆ ಕೇಳಿದರು.

“ಇದನ್ನ ಯಾಕ ತಗೊಂಡಿ? ಮಾರಾಕೇನು?”

“ಮಾರ್ಲಿಕ್ಕೆ ಅಲ್ಲ ಸಾರ್. ಜುಹೂ ಏರೋಡ್ರೋಮಿನಲ್ಲಿ ನಾನು ಕೈಯಿಂದ ತಿರುಗಿಸಿ ಇಂಜಿನ್ ಶುರು ಮಾಡ್ತಿದ್ದದ್ದು ಇದನ್ನೇ. ತೇಪೆ ನೋಡಿ ಗುರುತು ಸಿಕ್ತು. ದೂಜರಿಗೆ ಕಾಫಿ ಕೊಡ್ಲಿಕ್ಕೆ ಹೋದಾಗ, ನಡುವೆ ಕೊರೆದು ಗಡಿಯಾರ ಇಡ್ತೇನೆ ಅಂದ್ರು. ತಡ್ಕೊಳ್ಳಿಕ್ಕೆ ಆಗ್ಲಿಲ್ಲ.”

“ಹ್ಯಾಂಗ ಸಾಗಿಸಿದಿ?”

“ಅವರು ಮಲಗಿದ್ದಾಗ. ಕೈಗಾಡಿಯಲ್ಲಿ, ಬಾಳೆಎಲೆ ಅಡಿಯಲ್ಲಿ ಇಟ್ಟು.”

ಜಪ್ತಿ ಪಂಚನಾಮೆಯಲ್ಲಿ ‘ಅರಿಶಿನ, ಕುಂಕುಮ, ಹೂವಿನ ಸಹಿತ’ ಎಂದು ಬರೆಯಲಾಯಿತು. ಪೂವಪ್ಪನನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು. ಮಾಲು ಗುರುತಿಸಲು ಬಂದ ದೂಜರು ಪಂಖವನ್ನು ನೋಡಿದರು, ಅವನ ಕೈಯನ್ನು ನೋಡಿದರು. ಗಿರಾಕಿಗೆ ಬೇರೊಂದು ಕೊಡುತ್ತೇನೆ, ಇದಕ್ಕೆ ಇನ್ನು ಬೈರಿಗೆ ತಾಗಿಸುವುದಿಲ್ಲ, ಕೋರ್ಟಿನಲ್ಲೂ ರಾಜಿ ಅನ್ನುತ್ತೇನೆ ಎಂದರು. ಅದಕ್ಕೆ ಕೋರ್ಟು ಒಪ್ಪಬೇಕಿತ್ತು. ಠಾಣೆಯ ಕೆಲಸವಂತೂ ನಿಲ್ಲುವಂತಿರಲಿಲ್ಲ.

ಚೆನ್ನಯ ಬೆರಳಚ್ಚು ತೆಗೆದ. ಹಾಳೆಯಲ್ಲಿ ಎರಡು ಚೌಕ ಖಾಲಿ ಉಳಿದವು.

“ಈ ಎರಡು ಬೆರಳು?” ನೀಲಕಂಠಪ್ಪ ಮೆಲ್ಲಗೆ ಕೇಳಿದರು.

ಪೂವಪ್ಪ ಮೂಲೆಯಲ್ಲಿದ್ದ ಪಂಖದ ಕಡೆ ನೋಡಿದ. “ಅದು ತಗೊಂಡಿತು ಸಾರ್. ಅಷ್ಟು ವರ್ಷ ಅನ್ನ ಹಾಕಿದ್ದೂ ಅದೇ ಅಲ್ವಾ.”